ಮೇಲ್ ಸರ್ವರ್‌ನೊಳಗೆ ಇಣುಕುವುದು ಹೇಗೆ?

ಜಿಮೇಲ್‌ನ ಡಿಸ್ಕ್ ನಮಗೆ ಕಾಣುವುದಿಲ್ಲ. ಆದರೆ ಸ್ವಂತ ಡೊಮೈನ್ ತೆಗೆದುಕೊಂಡು ಸಿಪ್ಯಾನೆಲ್ (ಬಾಡಿಗೆ ಸರ್ವರ್ ಜಾಗವನ್ನು ಬ್ರೌಸರ್‌ನಿಂದಲೇ ನಿಭಾಯಿಸುವ ಫಲಕ) ಇರುವ ಹೋಸ್ಟಿಂಗ್‌ನಲ್ಲೇ ಮೇಲ್ ಇಟ್ಟುಕೊಂಡಿದ್ದರೆ ನೋಡಬಹುದು.

ಮೊದಲು ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಹಿಡನ್ ಫೈಲ್ ಕಾಣುವಂತೆ ಟಿಕ್ ಮಾಡಿ. ಆಮೇಲೆ 'ಮೇಲ್' ಫೋಲ್ಡರ್, ಅದರೊಳಗೆ ಡೊಮೈನ್ ಹೆಸರು, ಅದರೊಳಗೆ ನಿಮ್ಮ ಖಾತೆಯ ಹೆಸರು.

ಸಾಮಾನ್ಯವಾಗಿ ಅಲ್ಲಿ ಟಿಎಂಪಿ (tmp), ನ್ಯೂ (new), ಕರ್ (cur) ಎಂಬ ಮೂರು ಫೋಲ್ಡರ್ ಇರುತ್ತವೆ. ಇದೇ ಮೇಲ್‌ಡಿರ್ ಪದ್ಧತಿ. ಡೇನಿಯಲ್ ಬರ್ನ್‌ಸ್ಟೀನ್ ತಮ್ಮ ಕ್ಯೂಮೇಲ್ ಎಂಬ ಮೇಲ್ ಸರ್ವರ್ ತಂತ್ರಾಂಶಕ್ಕಾಗಿ ಮಾಡಿದ್ದು. ಬರುತ್ತಿರುವ ಮೇಲ್ ಮೊದಲು ಟಿಎಂಪಿಯಲ್ಲಿ ಇಳಿಯುತ್ತದೆ. ಪೂರ್ತಿ ಬರೆದಾದ ಮೇಲೆ ನ್ಯೂಗೆ ಹೋಗುತ್ತದೆ. ನಿಮ್ಮ ಆಪ್ ಕಣ್ಣಿಗೆ ಬಿದ್ದ ಮೇಲೆ ಕರ್‌ಗೆ. ನೀವು ಓದಿರಲೇಬೇಕು ಅಂತೇನಿಲ್ಲ. ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಎಲ್ಲ ಮೇಲೂ ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು. ಒಂದು ಕಡೆ ಬರೆಯುವಾಗ ಫೈಲಿಗೆ ಬೀಗ ಹಾಕಲೇಬೇಕಿತ್ತು. ಇಲ್ಲಿ ಒಂದು ಮೇಲ್‌ಗೆ ಒಂದು ಫೈಲ್, ಆ ತಲೆನೋವೇ ಇಲ್ಲ.

ಈಗ ಕರ್‌ನಲ್ಲಿರುವ ಒಂದು ಫೈಲಿನ ಹೆಸರು ನೋಡಿ. ನನಗೆ ಇಷ್ಟವಾದ ಜಾಗ ಇದೇ. ಶುರುವಿನ ಉದ್ದ ಸಂಖ್ಯೆ ಮೇಲ್ ಬಂದ ಹೊತ್ತು: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಕೊನೆಯಲ್ಲಿ 2, ಅಲ್ಪವಿರಾಮ, ನಂತರ ಅಕ್ಷರಗಳು. ಎಸ್ ಇದ್ದರೆ ಓದಿದ್ದೀರಿ, ಆರ್ ಇದ್ದರೆ ಉತ್ತರಿಸಿದ್ದೀರಿ, ಎಫ್ ಅಂದರೆ ಸ್ಟಾರ್ ಹಾಕಿದ್ದೀರಿ. ಓದಿದ ಗುರುತು ಬೇರೆಲ್ಲೋ ಇಲ್ಲ, ಫೈಲಿನ ಹೆಸರಲ್ಲೇ ಇದೆ!

ಸೆಂಟ್, ಡ್ರಾಫ್ಟ್ಸ್, ಟ್ರ್ಯಾಶ್ ಎಲ್ಲ ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳು. ಪ್ರತಿಯೊಂದರಲ್ಲೂ ಮತ್ತೆ ಅದೇ ಮೂರು. ಫೋಲ್ಡರ್‌ಗೆ 'ಬಿಲ್ಲುಗಳು' ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದರೆ ಗಾಬರಿಯಾಗಬೇಡಿ. ಹೆಚ್ಚಾಗಿ ಅದು ಆ್ಯಂಪರ್‌ಸೆಂಡ್ ಚಿಹ್ನೆಯ ಹಿಂದೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮೇಲ್ ಆಪ್ ಸರ್ವರ್ ಜೊತೆ ಮಾತಾಡುವ ಪದ್ಧತಿಯಾದ ಐಮ್ಯಾಪ್ ಹುಟ್ಟಿದ್ದು 1986ರಲ್ಲಿ, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಬರುವುದಕ್ಕೂ ಮೊದಲು. ಆ ಹಳೆಯ ಚೌಕಟ್ಟಿಗೆ ಕನ್ನಡವನ್ನು ಹೀಗೆ ತೂರಿಸಬೇಕಾಯಿತು.

ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂದಿದ್ದರೆ ಮೊದಲು ಸೆಂಟ್ ಫೋಲ್ಡರ್ ನೋಡಿ. ಲಗತ್ತುಗಳೆಲ್ಲ ಅಲ್ಲೂ ಕೂತಿರುತ್ತವೆ. ಲಗತ್ತನ್ನು ಅಕ್ಷರಗಳಾಗಿ ಬದಲಿಸಿ ಇಡುವುದರಿಂದ 3 ಎಂಬಿ ಫೋಟೋ 4 ಎಂಬಿಗೂ ತುಸು ಜಾಸ್ತಿ ಜಾಗ ತಿನ್ನುತ್ತದೆ. ಅಳಿಸುವುದನ್ನು ಮಾತ್ರ ಮೇಲ್ ಆಪ್‌ನಲ್ಲೇ ಮಾಡಿ. ಫೈಲ್ ಮ್ಯಾನೇಜರ್‌ನಲ್ಲಿ ಕೈ ಹಾಕಿದರೆ ಕೋಟಾದ (ನಿಮಗೆ ಕೊಟ್ಟ ಜಾಗದ ಮಿತಿಯ) ಲೆಕ್ಕ ತಪ್ಪಬಹುದು. ಟ್ರ್ಯಾಶ್ ಖಾಲಿ ಮಾಡುವುದನ್ನೂ ಮರೆಯಬೇಡಿ: ಅಲ್ಲಿಯವರೆಗೆ ಫೈಲ್ ಬರೀ ಜಾಗ ಬದಲಿಸಿರುತ್ತದೆ, ಅಷ್ಟೆ.