ಸರ್ವಿಸ್ ಕ್ಲಬ್ಬಿನ ಸಂಜೆ ಮೀಟಿಂಗ್: ಹೊಸದಾಗಿ ಬಂದ ಕುಟುಂಬಗಳಿಗೆ

ಹೊರದೇಶಕ್ಕೆ ಬಂದು ಮನೆ ಸಿಕ್ತು, ಮಕ್ಕಳ ಸ್ಕೂಲ್ ಆಯ್ತು, ಬ್ಯಾಂಕ್ ಕೆಲಸನೂ ಮುಗೀತು ಅಂದ್ಮೇಲೆ ನಮ್ಮ ಕನ್ನಡ ಸಂಘಕ್ಕೆ ಬರೋ ಹೊಸಬರು ಸಾಮಾನ್ಯವಾಗಿ ಕೇಳೋದು, ಈ ಊರಿನವರ ಪರಿಚಯ ಮಾಡ್ಕೊಳ್ಳೋದು ಹೇಗೆ ಅಂತ. ಸಂಘದ ಕಾರ್ಯಕ್ರಮಕ್ಕೆ ಖಂಡಿತ ಬನ್ನಿ, ಆದ್ರೆ ಅಲ್ಲಿ ಸಿಗೋದು ನಾವು ನಾವೇ. ಪಕ್ಕದ ಬೀದಿಯವರು, ರಿಟೈರ್ ಆದ ಟೀಚರ್‌ಗಳು, ಅಂಗಡಿ ಇಟ್ಕೊಂಡಿರೋರು ಎಲ್ಲ ಒಂದೇ ಕಡೆ ಸಿಗ್ಬೇಕು ಅಂದ್ರೆ ರೋಟರಿ, ಲಯನ್ಸ್, ಕಿವಾನಿಸ್ ಥರದ ಸರ್ವಿಸ್ ಕ್ಲಬ್ಬಿನ (ಊರಿನವರೇ ಸೇರಿ ಸಮಾಜಸೇವೆ ಮಾಡೋ ಕ್ಲಬ್) ಸಂಜೆ ಮೀಟಿಂಗ್‌ಗೆ ಒಂದ್ಸಲ ಹೋಗಿ ನೋಡಿ.

"ಅದೆಲ್ಲ ಸೂಟು ಬೂಟಿನವರ ಜಾಗ ಅಲ್ವಾ" ಅಂತ ಹಿಂಜರಿಯೋರು ಜಾಸ್ತಿ. ರೋಟರಿ ಶುರು ಮಾಡಿದ ಪಾಲ್ ಹ್ಯಾರಿಸ್ ಕೂಡ ಸಣ್ಣ ಊರಲ್ಲಿ ಬೆಳೆದು ಶಿಕಾಗೋಗೆ ಬಂದು ನೆಲೆಸಿದ ವಕೀಲ, ಅಷ್ಟು ದೊಡ್ಡ ಊರಲ್ಲಿ ಹಳ್ಳಿ ಥರದ ಸ್ನೇಹ ಸಿಗ್ಲಿಲ್ಲ ಅಂತ 1905ರಲ್ಲಿ ಇನ್ನೂ ಮೂರು ಜನರನ್ನ ಸೇರಿಸಿಕೊಂಡು ಕೂತಿದ್ದೇ ಮೊದಲ ಮೀಟಿಂಗ್. ಅಂದ್ರೆ ಇದು ನಮ್ಮಂಥವರ ಕಷ್ಟದಿಂದಲೇ ಹುಟ್ಟಿದ್ದು. ಹೆಂಗಸರನ್ನ ಮಾತ್ರ 1980ರ ದಶಕದ ಕೊನೆವರೆಗೂ ಈ ಕ್ಲಬ್‌ಗಳು ಮೆಂಬರ್ ಮಾಡ್ಕೊಳ್ತಿರ್ಲಿಲ್ಲ (ಎಷ್ಟು ತಡ ನೋಡಿ!), ಈಗ ಅಂಥ ನಿಯಮ ಇಲ್ಲ, ಗಂಡ ಹೆಂಡ್ತಿ ಇಬ್ಬರೂ ಬೇರೆ ಬೇರೆಯಾಗೇ ಸೇರ್ಬಹುದು. ಮೊದಲೆಲ್ಲ ಸುಮಾರು ಕ್ಲಬ್‌ಗಳಲ್ಲಿ ವಾರವಾರ ಮಧ್ಯಾಹ್ನದ ಊಟದ ಹೊತ್ತಿಗೆ ಸೇರೋದೇ ಪದ್ಧತಿ, ಕೆಲಸಕ್ಕೆ ಹೋಗೋರಿಗೆ ಆಗ್ತಿರ್ಲಿಲ್ಲ. 2016ರಲ್ಲಿ ರೋಟರಿ ವಾರವಾರ ಸೇರ್ಲೇಬೇಕು ಅನ್ನೋ ನಿಯಮಾನ ಸಡಿಲ ಮಾಡ್ತು, ತಿಂಗಳಿಗೆ ಎರಡು ಸಲ ಸೇರಿದ್ರೂ ಸಾಕು ಅಂತ ಆಯ್ತು. ಆಫೀಸ್ ಬಟ್ಟೇಲೇ ಬಂದು ಕೂತು ಮಾತಾಡೋ ಸಂಜೆ ಮೀಟಿಂಗ್‌ಗಳು ಇರೋ ಕ್ಲಬ್ಬನ್ನೇ ಹುಡುಕಿ, ಬೇರೆ ಥರದ್ದಕ್ಕೆ ಆಮೇಲೆ ಹೋದ್ರಾಯ್ತು.

ಹೋಗೋ ಮುಂಚೆ ಸೆಕ್ರೆಟರಿಗೆ ಒಂದು ಮೆಸೇಜ್ ಹಾಕಿ, ಮಕ್ಕಳನ್ನ ಕರ್ಕೊಂಡು ಬರಬಹುದಾ, ಊಟ ಇದ್ರೆ ಯಾರು ದುಡ್ಡು ಕೊಡ್ಬೇಕು, ಎರಡನ್ನೂ ಸಂಕೋಚ ಇಲ್ದೆ ಕೇಳಿ. ಬಾಗಿಲಲ್ಲೇ ಹೆಸರಿನ ಬ್ಯಾಡ್ಜ್ ಕೊಡ್ತಾರೆ, ನಿಮ್ಮನ್ನ ಹೇಗೆ ಕರೀಬೇಕೋ ಆ ಚಿಕ್ಕ ಹೆಸರನ್ನೇ ದೊಡ್ಡದಾಗಿ ಬರೀರಿ. ಕೆಲವು ಕಡೆ ಗಂಟೆ ಬಾರಿಸಿ ಶುರು ಮಾಡ್ತಾರೆ, ಕೆಲವು ಕಡೆ ಅದೂ ಇಲ್ಲ. ಅತಿಥಿಗಳನ್ನ ಎದ್ದು ನಿಂತು ಪರಿಚಯ ಹೇಳ್ಕೊಳ್ಳಿ ಅಂತಾರೆ, ಹೆಸರು, ಯಾವಾಗ ಬಂದ್ರಿ, ಏನು ಮಾಡೋಕೆ ಇಷ್ಟ, ಮೂರು ವಾಕ್ಯ ಸಾಕು, ಡಿಗ್ರಿ ಕಂಪನಿ ಎಲ್ಲ ಬೇಡ. ಮಧ್ಯೆ ಒಬ್ಬರು ಡಬ್ಬಿ ಹಿಡ್ಕೊಂಡು ಬರಬಹುದು, ಮೊಮ್ಮಗು ಹುಟ್ತು, ಮಗಳು ಪಾಸಾದ್ಲು ಅಂತ ಖುಷಿ ಹೇಳಿ ಅದಕ್ಕೆ ಚಿಲ್ಲರೆ ಹಾಕ್ತಾರೆ, ಗಾಬರಿ ಬೇಡ, ಅತಿಥಿಗಳಿಂದ ಯಾರೂ ನಿರೀಕ್ಷೆ ಮಾಡಲ್ಲ. ಮುಂದಿನ ಶನಿವಾರದ ಕೆಲಸಕ್ಕೆ ಯಾರು ಬರ್ತೀರಾ ಅಂತ ಒಂದು ಹಾಳೆ ತಿರುಗತ್ತೆ ನೋಡಿ, ಅದು ನಿಮ್ಮ ಕೈಗೆ ಬಂದಾಗ ಸುಮ್ನೆ ಪಾಸ್ ಮಾಡ್ಬೇಡಿ, ಹೆಸರು ಬರೀರಿ. ಮೀಟಿಂಗ್‌ನಲ್ಲಿ ಹವಾಮಾನದ ಬಗ್ಗೆ ಮಾತಾಡಿದವರೇ ಅಕ್ಕಪಕ್ಕ ನಿಂತು ಕೆಲಸ ಮಾಡುವಾಗ ಒಳ್ಳೆ ಡಾಕ್ಟರ್ ಯಾರು, ಚಳಿಗೆ ಯಾವ ಜಾಕೆಟ್ ಅಂತೆಲ್ಲ ತಾವಾಗೇ ಹೇಳ್ತಾರೆ.

ಮೊದಲ ಕೆಲಸ ಯಾವುದು ಆರಿಸ್ಕೋಬೇಕು ಅಂದ್ರೆ ನನ್ನ ಓಟು ಹಳೇ ಕನ್ನಡಕ ವಿಂಗಡಿಸೋದಕ್ಕೆ. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು ಅಂಧರ ಪರವಾಗಿ ಕೆಲಸ ಮಾಡಿ ಅಂತ ಕೇಳ್ಕೊಂಡ ಮೇಲೆ ಕಣ್ಣಿನ ಕೆಲಸ ಆ ಕ್ಲಬ್‌ಗಳ ಗುರುತೇ ಆಗ್ಬಿಟ್ಟಿದೆ. ಡಬ್ಬಗಟ್ಟಲೆ ಕನ್ನಡಕ ಬಂದಿರತ್ತೆ, ಮೇಜಿನ ಮೇಲೆ ಸುರಿದು ಗೀರು ಬಿದ್ದಿದ್ದು ಒಂದು ಕಡೆ, ಕಡ್ಡಿ ಮುರಿದಿದ್ದು ಇನ್ನೊಂದು ಕಡೆ, ಮಕ್ಕಳದ್ದು ಬೇರೆ. ಚೆನ್ನಾಗಿರೋದನ್ನ ತೊಳೆದು, ಮಷಿನ್‌ನಲ್ಲಿ ಪವರ್ ನೋಡಿ, ಚೀಟಿ ಬರೆದು ಕವರ್‌ಗೆ ಹಾಕೋದು (ಕೆಲವು ಕ್ಲಬ್‌ಗಳು ಬರೀ ಸಂಗ್ರಹ ಮಾಡಿ ರೀಸೈಕ್ಲಿಂಗ್ ಸೆಂಟರ್‌ಗೆ ಕಳಿಸ್ತವೆ). ಭಾಷೆ ಅಷ್ಟಾಗಿ ಬರ್ದಿದ್ರೂ ನಡಿಯತ್ತೆ, ಅಜ್ಜ ಅಜ್ಜಿ ಬಂದಿದ್ರೆ ಅವರೂ ಕೂತ್ಕೊಂಡು ಮಾಡ್ಬಹುದು, ಮಕ್ಕಳಿಗಂತೂ ಕನ್ನಡಕದ ಡಬ್ಬಿ ತೆಗೆಯೋದೇ ಆಟ. ಪಾರ್ಕ್ ಕ್ಲೀನಿಂಗ್, ಗಿಡ ನೆಡೋದು, ದಿನಸಿ ಪ್ಯಾಕ್ ಮಾಡೋದು ಇವೂ ಸುಲಭವೇ.

ರಕ್ತದಾನಕ್ಕೆ ಮಾತ್ರ ಸ್ವಲ್ಪ ತಡೀರಿ. ಮಲೇರಿಯಾ ಇರೋ ದೇಶದಿಂದ ಬಂದವರಿಗೆ ಎಷ್ಟೋ ದೇಶಗಳಲ್ಲಿ ಸ್ವಲ್ಪ ಕಾಲ ರಕ್ತ ಕೊಡೋಕೆ ಬಿಡಲ್ಲ, ಲೈನಲ್ಲಿ ನಿಂತು ವಾಪಸ್ ಬರೋದಕ್ಕಿಂತ ಮೊದಲೇ ಕೇಳ್ಕೊಳ್ಳಿ. ಅದು ನಿಮ್ಮ ಮೇಲಿನ ಅನುಮಾನ ಅಲ್ಲ, ರಕ್ತ ಕೊಡೋಕೆ ಆಗ್ದಿದ್ರೂ ಅಲ್ಲಿ ರಿಜಿಸ್ಟ್ರೇಷನ್ ಮೇಜು ನೋಡ್ಕೊಳ್ಳೋಕೆ ಜನ ಬೇಕೇ ಬೇಕು. ಮಕ್ಕಳ ಜೊತೆ ಮಾಡೋ ಕೆಲಸಕ್ಕೆ ಪೊಲೀಸ್ ಅಥವಾ ಬ್ಯಾಕ್‌ಗ್ರೌಂಡ್ ಚೆಕ್ ಕೇಳ್ತಾರೆ, ಅದಕ್ಕೂ ಬೇಜಾರು ಮಾಡ್ಕೋಬೇಡಿ. ವೀಸಾ ಮೇಲೆ ಇರೋರು ಒಂದು ವಿಷಯ ನೋಡ್ಕೊಳ್ಳಿ, ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸವನ್ನ ನೀವು ವಾಲಂಟಿಯರ್ ಅಂತ ಮಾಡಿದ್ರೆ ಕೆಲವು ದೇಶಗಳಲ್ಲಿ ತೊಂದರೆ ಆಗ್ಬಹುದು, ವೀಸಾ ನಿಯಮ ಓದಿ ಮುಂದುವರೀರಿ.

ಮೆಂಬರ್‌ಶಿಪ್‌ಗೆ ಅವಸರ ಬೇಡ. ನಾಲ್ಕೈದು ಕೆಲಸಕ್ಕೆ ಹೋದ್ಮೇಲೆ ಯಾರಾದ್ರೂ ಅವರೇ ಕೇಳ್ತಾರೆ, ಆಗ ವರ್ಷದ ಫೀಸ್ ಎಷ್ಟು, ಅದರಲ್ಲಿ ಊಟ ಸೇರಿದ್ಯಾ, ಎಷ್ಟು ಮೀಟಿಂಗ್‌ಗೆ ಬರಲೇಬೇಕು ಅಂತ ಬಾಯಿ ಬಿಟ್ಟು ಕೇಳಿ. ಟೀನೇಜ್ ಮಕ್ಕಳಿಗೆ ರೋಟರಿಯ ಇಂಟರಾಕ್ಟ್, ಲಯನ್ಸ್‌ನ ಲಿಯೋ ಕ್ಲಬ್ ಇದೆ. ಒಬ್ಬರೇ ಹೋಗೋಕೆ ಸಂಕೋಚ ಅನ್ಸಿದ್ರೆ ಸಂಘದ ಕಮಿಟಿಯವರಿಗೆ ಹೇಳಿ, ನಮ್ಮಲ್ಲೇ ಒಬ್ಬರು ಮೊದಲ ಸಲ ಜೊತೆಗೆ ಬರ್ತಾರೆ, ಎರಡನೇ ಸಲ ನೀವೇ ಹೋಗ್ಬೇಕು.