ಮೆಡಿಕೇಡ್ ಇದ್ದವರು ಪಿಎ ಹುಡುಕುವಾಗ

ಅಮೆರಿಕದಲ್ಲಿ ಮೆಡಿಕೇಡ್, ಅಂದರೆ ಮುಖ್ಯವಾಗಿ ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇರುವವರು ಡಾಕ್ಟರೇ ಬೇಕು ಅಂತ ತಿಂಗಳುಗಟ್ಟಲೆ ಕಾಯಬೇಡಿ. ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಕೂಡ ಪರೀಕ್ಷೆ ಮಾಡಿ ಔಷಧಿ ಬರೆದುಕೊಡುತ್ತಾರೆ. ಆದರೆ ನಿಮ್ಮ ವಿಮೆ ಪ್ಲಾನಿನ ಡಾಕ್ಟರ್, ಪಿಎಗಳ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ಹೊರಡಬೇಡಿ. ಆ ಪಟ್ಟಿ ಎಷ್ಟೋ ಸಲ ಹಳೆಯದಾಗಿರುತ್ತದೆ. ನಾನು ಅಮ್ಮನನ್ನು ಹಾಗೇ ಕರೆದುಕೊಂಡು ಹೋಗಿ ವಾಪಸ್ ಬಂದಿದ್ದೇನೆ, ತುಂಬಾ ಬೇಜಾರಾಯಿತು.

ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ. ‘ಮೆಡಿಕೇಡ್ ತಗೋತೀರಾ’ ಅಂದರೆ ಸಾಲದು. ಕಾರ್ಡಿನ ಮೇಲಿರುವ ಪ್ಲಾನಿನ ಹೆಸರನ್ನೇ ಹೇಳಿ. ಆ ಪಿಎ ಇನ್ನೂ ಅಲ್ಲೇ ಇದ್ದಾರಾ, ಹೊಸಬರನ್ನು ನೋಡುತ್ತಾರಾ ಅಂತಲೂ ಕೇಳಿ. ಎಲ್ಲೂ ಸಿಗದಿದ್ದರೆ ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಹೋಗಿ. ಫೆಡರಲ್ ಸರ್ಕಾರದ ನೆರವಿನಿಂದ ನಡೆಯುವ ಸೆಂಟರ್‌ಗಳು ಮೆಡಿಕೇಡ್ ತೆಗೆದುಕೊಳ್ಳುತ್ತವೆ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಕಷ್ಟ ಅಲ್ವಾ? ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕು ಅನ್ನಿ. ಅದಕ್ಕೆ ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ.