ಚೆರ್ರಿ ಬಾರ್ಬ್ ಮರಿ ಉಳಿಸಿಕೊಳ್ಳೋದು ಹೇಗೆ?

ಚೆರ್ರಿ ಬಾರ್ಬ್ ಅನ್ನೋ ಪುಟ್ಟ ಅಕ್ವೇರಿಯಂ ಮೀನು ಮೊಟ್ಟೆ ಇಡೋದು ಕಷ್ಟವಲ್ಲ, ಇಟ್ಟ ಮೊಟ್ಟೆ ಉಳಿಯೋದೇ ಕಷ್ಟ. ಇಟ್ಟ ಮೀನುಗಳೇ ತಿರುಗಿ ಬಂದು ತಿಂದುಬಿಡುತ್ತವೆ. ಅದಕ್ಕೇ 20 ಲೀಟರಿನ ಒಂದು ಚಿಕ್ಕ ಟ್ಯಾಂಕ್ ಬೇರೆ ಇಡಿ. ಹಳೇ ಟ್ಯಾಂಕಿನ ನೀರನ್ನೇ ತುಂಬಿ, 26 ಡಿಗ್ರಿ ಹತ್ತಿರ ಇರಲಿ. ಸ್ಪಾಂಜ್ ಫಿಲ್ಟರ್ ಸಾಕು, ಬೇರೆ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ. ತಳದ ತುಂಬ ಜಾವಾ ಮಾಸ್ (ನೀರಲ್ಲಿ ಬೆಳೆಯುವ ಪಾಚಿಯಂಥ ಗಿಡ) ದಪ್ಪಗೆ ಹರಡಿ, ಇದರಲ್ಲಿ ಮಾತ್ರ ಜಿಪುಣತನ ಬೇಡ.

ಹೊಟ್ಟೆ ಗುಂಡಗಾದ ಹೆಣ್ಣು, ಚೆನ್ನಾಗಿ ಕೆಂಪೇರಿದ ಗಂಡು ಆರಿಸಿ ಸಂಜೆ ಬಿಡಿ. ಬೆಳಿಗ್ಗೆ ಸುಮ್ನೆ ಕೂತು ನೋಡಿ. ಗಂಡು ಪಕ್ಕಕ್ಕೆ ಒತ್ತಿಕೊಂಡು ಹೆಣ್ಣನ್ನು ಮಾಸ್ ಒಳಗೆ ತಳ್ಳುತ್ತದೆ. ಎರಡೂ ಒಮ್ಮೆ ನಡುಗುತ್ತವೆ, ಗಾಜಿನ ಹರಳಿನಂಥ ಪುಟ್ಟ ಮೊಟ್ಟೆಗಳು ಉದುರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಲದು! ಅದು ಮುಗಿದ ಕೂಡಲೇ ದೊಡ್ಡ ಮೀನುಗಳನ್ನು ತೆಗೆದುಬಿಡಿ.

ಒಂದೆರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಗಳು ಕೂದಲೆಳೆಯಂತೆ ಗಾಜಿಗೆ ಅಂಟಿಕೊಂಡಿರುತ್ತವೆ. ಈಜೋಕೆ ಶುರುಮಾಡುವ ತನಕ ಏನೂ ಹಾಕಬೇಡಿ. ಆಮೇಲೆ ಇನ್ಫ್ಯೂಸೋರಿಯಾ (ನೀರಿನ ಸೂಕ್ಷ್ಮ ಜೀವಿಗಳು), ಸ್ವಲ್ಪ ಬೆಳೆದ ಮೇಲೆ ಆಗಷ್ಟೇ ಮರಿಯಾದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಸೀಗಡಿಯಂಥ ಪುಟ್ಟ ಜೀವಿ) ಹಾಕಿ. ಮೊದಲ ಸಲ ನಾನು ಪುಡಿ ಆಹಾರ ಜಾಸ್ತಿ ಹಾಕಿ, ನೀರು ಕೆಟ್ಟು, ಎಲ್ಲ ಮರಿಗಳನ್ನೂ ಕಳೆದುಕೊಂಡೆ. ದಿನಕ್ಕೆ ನಾಲ್ಕು ಸಲ ಚೂರುಚೂರೇ ಹಾಕಿ.